ಕಳೆದುಹೋದ ಸ್ಥಾನವನ್ನು ಮರಳಿ ಪಡೆಯುವ ಬಗೆ
(ಸಂಘದ ಮಾಸಿಕ ಸಭೆಯಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಹೋಟೆಲಿನ ಒಲೆಯ ಮುಂದೆಯೂ ಗಿರಣಿಯ ಮಗ್ಗದ ಮುಂದೆಯೂ ಬೆವರು ಸುರಿಸಿದವರ ಈ ಸಭೆಯಲ್ಲಿ ವೆಬ್‌ಸೈಟಿನ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಕಾರಣವಿಷ್ಟೇ. ನಮ್ಮಲ್ಲಿ ಹಲವರು ಕೂಲಿಯನ್ನು ಬಿಟ್ಟು ಸ್ವಂತ ಉದ್ಯೋಗಕ್ಕೆ ಕೈಹಾಕಿದ್ದಾರೆ. ಒಬ್ಬರದು ಊಟದ ಡಬ್ಬಿ, ಒಬ್ಬರದು ಮದುವೆಯ ಅಡಿಗೆ, ಇನ್ನೊಬ್ಬರ ಮನೆಯಲ್ಲಿ ಹಪ್ಪಳ, ಸಂಡಿಗೆ. ಹಿಂದೆ ಗಿರಾಕಿಯು ಬೀದಿಯ ಬೋರ್ಡನ್ನು ನೋಡಿ ಬರುತ್ತಿದ್ದ. ಇಂದು ಫೋನಿನಲ್ಲಿ ಗೂಗಲ್ ತೆರೆದು ಹುಡುಕಿ ಬರುತ್ತಾನೆ. ಆ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಕ್ಕೆ ಜಾರಿದರೆ, ಅಂಗಡಿಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ ಸರಿ.

ಇದು ನಾವು ಅನುಭವಿಸಿದ ಮಾತು. ಹೋಟೆಲುಗಳಲ್ಲಿ ದುಡಿದ ನಾವು ಐದು ಮಂದಿ ಪಾಲು ಹಾಕಿ ಅಡಿಗೆಯ ಗುತ್ತಿಗೆ ನಡೆಸುತ್ತೇವೆ. ಒಬ್ಬನಂತೂ ತನ್ನ ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ಅದಕ್ಕೇ ಹಾಕಿದ್ದಾನೆ. 2023ರಲ್ಲಿ ನಮ್ಮ ವೆಬ್‌ಸೈಟನ್ನು ಒಬ್ಬರಿಗೆ ಹಣ ಕೊಟ್ಟು ಹೊಸದಾಗಿ ಮಾಡಿಸಿದೆವು. ನೋಡಲು ಬಹಳ ಚೆಂದ. ಆದರೆ ಮೂರು ವಾರ ಕಳೆಯುವುದರೊಳಗೆ ಫೋನು ಬರುವುದೇ ನಿಂತಿತು. ಗಾಬರಿಯಲ್ಲಿದ್ದ ನಮ್ಮ ಬಳಿಗೆ ಇನ್ನೊಬ್ಬ ಮಹಾಶಯ ಬಂದು, “ಒಂದು ತಿಂಗಳಲ್ಲಿ ಮೊದಲ ಸ್ಥಾನ ಖಂಡಿತ” ಎಂದ. ಹದಿನೈದು ಸಾವಿರ ರೂಪಾಯಿ ಕೊಟ್ಟೆವು. ಸ್ಥಾನವೂ ಬರಲಿಲ್ಲ, ಹಣವೂ ಬರಲಿಲ್ಲ.

ನಾವು ಮೋಸಹೋದದ್ದು ಈ ಯಂತ್ರದ ರೀತಿಯನ್ನು ತಿಳಿಯದೆ. ಗೂಗಲ್ ಸಂಸ್ಥೆಯನ್ನು 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ಸ್ಥಾಪಿಸಿದರು. ಒಂದು ಪುಟವು ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಬಗೆಯ ಸಿಫಾರಸು ಎಂಬುದು ಅವರ ಮೂಲ ವಿಚಾರ. ಸಿಫಾರಸಿಗೆ ಬೆಲೆ ಬಂದೊಡನೆ ಸುಳ್ಳು ಸಿಫಾರಸಿನ ಅಂಗಡಿಗಳೂ ಹುಟ್ಟಿದವು. ಅವನ್ನು ತಡೆಯಲು 2012ರಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ಬಂತು. ಅದಕ್ಕೂ ಮೊದಲು, 2011ರಲ್ಲಿ, ಹುರುಳಿಲ್ಲದ ಪುಟಗಳನ್ನು ಕೆಳಗಿಳಿಸುವ ‘ಪಾಂಡಾ’ ಬಂದಿತ್ತು. ನಮ್ಮ ಮಹಾಶಯ ಮಾಡಿದ್ದೂ ಅಡಿಗೆಗೆ ಸಂಬಂಧವೇ ಇಲ್ಲದ ನೂರಾರು ಕಡೆ ಲಿಂಕ್ ಅಂಟಿಸಿದ ಕೆಲಸವನ್ನೇ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ತಾನೇ ಹೇಳುತ್ತದೆ. ಹಣ ಕೊಟ್ಟರೆ ಸಿಗುವುದು ಜಾಹೀರಾತಿನ ಜಾಗ. ಅದು ಬೇರೆ, ಇದು ಬೇರೆ.

ಹಾಗಾದರೆ ಏನು ಮಾಡಬೇಕು? ಹೋಟೆಲಿನ ವ್ಯಾಪಾರ ಕುಸಿದರೆ ಜಾಣ ಧಣಿ ಮೊದಲು ಲೆಕ್ಕದ ಪುಸ್ತಕ ತೆರೆಯುತ್ತಾನೆ. ಇಲ್ಲಿಯೂ ಹಾಗೆಯೇ. ಈ ಪುಸ್ತಕದ ಹೆಸರು ಸರ್ಚ್ ಕನ್ಸೋಲ್. ಇದಕ್ಕೆ ಕಾಸಿಲ್ಲ. ಗೂಗಲಿನಲ್ಲಿ ನಮ್ಮ ಹೆಸರು ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿ ಒಳಬಂದರು ಎಂಬ 16 ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಮೊದಲು ಕುಸಿತದ ದಿನವನ್ನು ಗುರುತಿಸಿರಿ. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿರಿ. ಆಷಾಢದಲ್ಲಿ ಮದುವೆಯ ಅಡಿಗೆಯನ್ನು ಹುಡುಕುವವರೇ ಕಡಿಮೆ. ಅದಕ್ಕೆ ಗೂಗಲನ್ನು ದೂರಿ ಫಲವಿಲ್ಲ.

ಎರಡನೆಯದು, ದಂಡನೆಯ ನೋಟೀಸು ಬಂದಿದೆಯೇ, ಕಳ್ಳರು ವೆಬ್‌ಸೈಟಿನೊಳಗೆ ನುಗ್ಗಿದ್ದಾರೆಯೇ ಎಂದು ಅದೇ ಪುಸ್ತಕದಲ್ಲಿ ನೋಡಬೇಕು. ನೋಟೀಸು ಬಂದಿದ್ದರೆ ತಪ್ಪನ್ನು ತಿದ್ದಿ, ಮರುಪರಿಶೀಲನೆಗೆ ಅರ್ಜಿ ಹಾಕಬಹುದು.

ಮೂರನೆಯದು, ಆ ದಿನದ ಆಸುಪಾಸಿನಲ್ಲಿ ನಾವೇ ಏನನ್ನು ಬದಲಿಸಿದೆವು? ನಮ್ಮ ರೋಗ ಇದ್ದುದು ಇಲ್ಲಿಯೇ. ನಮ್ಮ ಪಾಲುದಾರನೊಬ್ಬನ ಕಾಲೇಜು ಓದುವ ಮಗಳು ಒಂದು ಸಂಜೆ ಕುಳಿತು ಅದನ್ನು ಹುಡುಕಿಕೊಟ್ಟಳು. ಹೊಸದು ಮಾಡುವಾಗ ಎಲ್ಲ ಪುಟಗಳ ವಿಳಾಸ ಬದಲಾಗಿತ್ತು. ಮನೆ ಬದಲಿಸಿ ಅಂಚೆಯವನಿಗೆ ಹೇಳದೆ ಹೋದಂತಾಗಿತ್ತು. ಮದುವೆ ಹಾಲಿನವರು ತಮ್ಮ ಪುಟದಲ್ಲಿ ಕೊಟ್ಟಿದ್ದ ನಮ್ಮ ಲಿಂಕು ಖಾಲಿ ಜಾಗಕ್ಕೆ ಹೋಗುತ್ತಿತ್ತು. ಮೇಲಾಗಿ, ಕೆಲಸ ನಡೆಯುವಾಗ ಹಾಕಿದ್ದ ‘ನೋಇಂಡೆಕ್ಸ್’ ಎಂಬ ಸೂಚನೆ, ಎಂದರೆ ಈ ಪುಟವನ್ನು ಪಟ್ಟಿಗೆ ಸೇರಿಸಬೇಡ ಎಂಬುದು, ನಾಲ್ಕು ಪುಟಗಳಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ತೆಗೆದೆವು. ಹಳೆಯ ಪ್ರತಿ ವಿಳಾಸದಿಂದ ಅದಕ್ಕೆ ತಕ್ಕ ಹೊಸ ವಿಳಾಸಕ್ಕೆ ‘301’ ಎಂಬ ಶಾಶ್ವತ ರೀಡೈರೆಕ್ಟ್ ಹಾಕಿಸಿದೆವು. ಇದನ್ನು ಕಡಿಮೆಯೆಂದರೆ ಒಂದು ವರ್ಷ ತೆಗೆಯಬಾರದು.

ಏನೂ ಕೆಟ್ಟಿಲ್ಲ, ಆದರೂ ಕುಸಿದಿದೆ ಎಂದರೆ? ಗೂಗಲ್ ವರ್ಷದಲ್ಲಿ ಕೆಲವು ಸಲ ತನ್ನ ತೂಗುವ ರೀತಿಯನ್ನೇ ಬದಲಿಸುತ್ತದೆ. 2024ರ ಮಾರ್ಚಿನಲ್ಲಿ ಅಂಥದೊಂದು ದೊಡ್ಡ ಬದಲಾವಣೆ ಬಂದಿತ್ತು. ಆಗ ರಿಪೇರಿಯ ಮಾತಿಲ್ಲ, ಸರಕು ಸುಧಾರಿಸಬೇಕು. ನಮ್ಮ ಒಂದು ಪುಟದಲ್ಲಿ “ಉತ್ತಮ ರುಚಿ, ಉತ್ತಮ ಸೇವೆ” ಎಂದಷ್ಟೇ ಇತ್ತು. ಯಾರು ತಾನೇ ಹಾಗೆನ್ನುವುದಿಲ್ಲ? ಈಗ ಎಷ್ಟು ಮಂದಿಗೆ ಬಡಿಸಬಲ್ಲೆವು, ಎಲೆಗೆ ಏನೇನು, ದರವೆಷ್ಟು, ಯಾವ ಪೇಟೆಗಳಿಗೆ ಹೋಗುತ್ತೇವೆ ಎಂದು ಬರೆದು, ನಮ್ಮ ಅಡಿಗೆಮನೆಯದೇ ಚಿತ್ರಗಳನ್ನು ಹಾಕಿದ್ದೇವೆ. ಗೂಗಲ್ ನಕ್ಷೆಯಲ್ಲಿ ಹೆಸರು, ವಿಳಾಸ, ಫೋನು, ವೇಳೆ ಸರಿಯಾಗಿರಲಿ. ಹೊಗಳಿಕೆಯ ಅಭಿಪ್ರಾಯಗಳನ್ನು ಮಾತ್ರ ಕೊಳ್ಳಬೇಡಿರಿ.

ಆಮೇಲೆ ಕಾಯಬೇಕು. ದೋಸೆಯ ಹಿಟ್ಟು ಹುದುಗಲು ರಾತ್ರಿಯೊಂದು ಬೇಕು. ಇದಕ್ಕೆ ತಿಂಗಳುಗಳೇ ಬೇಕು. ನಮ್ಮ ಹೆಚ್ಚಿನ ಪುಟಗಳು ನಾಲ್ಕು ತಿಂಗಳಿಗೆ ಮರಳಿದವು. ಎರಡು ಪುಟಗಳು ಇಂದಿಗೂ ಮರಳಿಲ್ಲ. ಎಲ್ಲವೂ ಮರಳುತ್ತದೆಂದು ನಾನು ಹೇಳಿದರೆ ಆ ಮಹಾಶಯನಿಗೂ ನನಗೂ ಭೇದವೇನು?

ಕೊನೆಯದಾಗಿ ಒಂದು ಎಚ್ಚರಿಕೆ. ವೆಬ್‌ಸೈಟಿನ ಹೆಸರು, ಸರ್ಚ್ ಕನ್ಸೋಲಿನ ಖಾತೆ, ಪಾಸ್‌ವರ್ಡು ಇವೆಲ್ಲ ನಿಮ್ಮ ಹೆಸರಿನಲ್ಲಿಯೇ ಇರಲಿ. ಕೆಲಸ ಮಾಡಿಕೊಡುವವನಿಗೆ ಕೂಲಿ ಕೊಡಿರಿ. ಅಂಗಡಿಯ ಬೀಗದ ಕೈ ಕೊಡಬೇಡಿರಿ.

ಈ ಮುಂಬಯಿಯಲ್ಲಿ ನಮ್ಮ ಹಿರಿಯರು ಹಗಲೆಲ್ಲ ಲೋಟ, ತಟ್ಟೆ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ಕಾಗದದಲ್ಲಿ ಏನಿದೆಯೆಂದು ಓದದೆ ಹೆಬ್ಬೆಟ್ಟು ಒತ್ತುವ ಸ್ಥಿತಿ ತಮಗೆ ಬೇಡವೆಂದು ಕಲಿತರು. ಇಂದಿನ ಕಾಗದ ಇದು. ತಿಂಗಳಿಗೊಂದು ರವಿವಾರ ಸಂಘದ ಕೋಣೆಯಲ್ಲಿ ನಾವು ಕೂಡಿ ಕುಳಿತು, ಒಬ್ಬೊಬ್ಬರ ಲೆಕ್ಕವನ್ನು ತೆರೆದು ಓದೋಣ. ತಿಳಿದ ಮಕ್ಕಳು ಕಲಿಸಲಿ. ನಾವು ನಾಚದೆ ಕಲಿಯೋಣ.