ಕೊನೆಯ ಮಾತು ಯಾರದು?



ನ್ಯೂಯಾರ್ಕ್ ನಗರದಲ್ಲಿ ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಮಂಡಳಿಯೊಂದು 1953ರಿಂದಲೂ ಇದೆ. ಆರಂಭದಲ್ಲಿ ಅದರ ಸದಸ್ಯರೆಲ್ಲರೂ ಪೊಲೀಸ್ ಇಲಾಖೆಯ ಉಪ ಆಯುಕ್ತರು. ಬೇಲಿಯೇ ಹೊಲ ಮೇಯ್ದಿತೆಂಬ ದೂರನ್ನು ಬೇಲಿಗೇ ಕೊಡಬೇಕಾದ ಸ್ಥಿತಿ.

1966ರಲ್ಲಿ ಮೇಯರ್ ಜಾನ್ ಲಿಂಡ್ಸೆ ಏಳು ಜನರ ಮಂಡಳಿಯಲ್ಲಿ ನಾಲ್ವರು ನಾಗರಿಕರಿಗೆ ಸ್ಥಾನ ಕೊಟ್ಟರು. ಪೊಲೀಸರ ಸಂಘ ಅದನ್ನು ವಿರೋಧಿಸಿ, ವಿಷಯವನ್ನು ಜನಮತಕ್ಕೆ ಒಯ್ದಿತು. ಕತ್ತಲ ಬೀದಿಯಲ್ಲಿ, ಸಬ್‌ವೇ ಬಾಗಿಲಲ್ಲಿ ಒಂಟಿಯಾಗಿ ನಿಂತ ಬಿಳಿಯ ಯುವತಿಯ ಚಿತ್ರ ಆ ಪ್ರಚಾರದ ಮುಖವಾಯಿತು. ಕಪ್ಪು ಜನರ ಮತ್ತು ಪೋರ್ಟೊರಿಕೊ ಮೂಲದವರ ಅಳಲು ಆ ಭಯದೆದುರು ನಿಲ್ಲಲಿಲ್ಲ. ಮತದಾರರು ಸುಧಾರಣೆಯನ್ನು ತಿರಸ್ಕರಿಸಿದರು. 1992ರಲ್ಲಿ ನಗರದ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಪೂರ್ಣ ನಾಗರಿಕ ಮಂಡಳಿಯ ಪ್ರಸ್ತಾವ ಮುಂದಿಟ್ಟಾಗ, ಸಾವಿರಾರು ಪೊಲೀಸರು ಸಿಟಿ ಹಾಲ್‌ಗೆ ಮುತ್ತಿಗೆ ಹಾಕಿ ಬ್ರೂಕ್ಲಿನ್ ಸೇತುವೆಯ ಸಂಚಾರವನ್ನು ತಡೆದರು. ಆದರೂ 1993ರಲ್ಲಿ ಮಂಡಳಿ ಇಲಾಖೆಯಿಂದ ಬೇರ್ಪಟ್ಟಿತು. ಸಾಕ್ಷಿಗಳನ್ನು ಕರೆಸುವ ಅಧಿಕಾರವೂ ಅದಕ್ಕೆ ದಕ್ಕಿತು.

ನಲವತ್ತು ವರ್ಷಗಳ ಹೋರಾಟ ಗೆದ್ದದ್ದು ವಿಚಾರಿಸುವ ಹಕ್ಕನ್ನು, ತೀರ್ಮಾನಿಸುವ ಹಕ್ಕನ್ನಲ್ಲ. ಮಂಡಳಿ ತನಿಖೆ ನಡೆಸುತ್ತದೆ, ತಪ್ಪು ಸಾಬೀತಾದರೆ ಶಿಕ್ಷೆಯನ್ನು ಶಿಫಾರಸು ಮಾಡುತ್ತದೆ. ಗಂಭೀರ ಪ್ರಕರಣಗಳಲ್ಲಿ ಅದರ ವಕೀಲರೇ ಇಲಾಖಾ ವಿಚಾರಣೆಯಲ್ಲಿ ವಾದಿಸುತ್ತಾರೆ. ಆದರೆ ಆ ವಿಚಾರಣೆಯ ಪೀಠ ಇಲಾಖೆಯದು. ಶಿಕ್ಷೆ ಕೊಡುವ, ಇಳಿಸುವ, ಕೈಬಿಡುವ ಅಧಿಕಾರ ಪೊಲೀಸ್ ಆಯುಕ್ತರದು.

ಇದರ ಬೆಲೆ ಏನೆಂಬುದನ್ನು ಎರಿಕ್ ಗಾರ್ನರ್ ಪ್ರಕರಣ ತೋರಿಸಿತು. ಬಿಡಿ ಸಿಗರೇಟು ಮಾರಿದ ಶಂಕೆಯ ಮೇಲೆ 2014ರ ಜುಲೈ 17ರಂದು ಪೊಲೀಸರು ಆತನನ್ನು ಹಿಡಿದರು. ಉಸಿರಾಡಲಾಗುತ್ತಿಲ್ಲವೆಂದು ಹನ್ನೊಂದು ಬಾರಿ ಹೇಳಿ ಆತ ಸತ್ತದ್ದನ್ನು ಜಗತ್ತೇ ವಿಡಿಯೋದಲ್ಲಿ ಕಂಡಿತು. ಕುತ್ತಿಗೆಗೆ ಕೈಹಾಕಿದ ಅಧಿಕಾರಿ ಕೆಲಸ ಕಳೆದುಕೊಂಡದ್ದು 2019ರ ಆಗಸ್ಟ್‌ನಲ್ಲಿ, ಮಂಡಳಿಯ ವಕೀಲರು ವಾದಿಸಿದ ಇಲಾಖಾ ವಿಚಾರಣೆಯ ನಂತರ. ಕ್ರಿಮಿನಲ್ ಮೊಕದ್ದಮೆಯಂತೂ ಹೂಡಲ್ಪಡಲೇ ಇಲ್ಲ.

ಶಿಸ್ತಿನ ಹೊಣೆ ಒಬ್ಬರದೇ ಆಗಿರಬೇಕು, ಇಲ್ಲವಾದರೆ ಪಡೆಯನ್ನು ನಡೆಸಲಾಗದು ಎಂಬುದು ಆಯುಕ್ತರ ಪರವಾದ ವಾದ. ಆಯುಕ್ತರನ್ನು ನೇಮಿಸುವವರು ಮೇಯರ್, ಮೇಯರನ್ನು ಆರಿಸುವವರು ಜನ ಎಂದೂ ಅದು ಹೇಳುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ಆದರೆ ಜನ ಲೆಕ್ಕ ಕೇಳಬೇಕಾದರೆ ಲೆಕ್ಕ ಅವರ ಕಣ್ಣಿಗೆ ಬೀಳಬೇಕು. ಪೊಲೀಸರ ಶಿಸ್ತುಕ್ರಮದ ದಾಖಲೆಗಳನ್ನು 1976ರಿಂದ ಮುಚ್ಚಿಟ್ಟಿದ್ದ ರಾಜ್ಯದ ಕಾನೂನು ರದ್ದಾದದ್ದು 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರ. ಅದಕ್ಕೂ ಮೊದಲು, 2019ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನ ಮತದಾರರು ಹೊಸ ನಿಯಮಗಳನ್ನು ಒಪ್ಪಿದ್ದರು: ಆಯುಕ್ತರು ಶಿಫಾರಸನ್ನು ಮೀರಿದರೆ ಕಾರಣವನ್ನು ಬರೆದು ಕೊಡಬೇಕು, ಮಂಡಳಿಯ ಸಿಬ್ಬಂದಿಯ ಸಂಖ್ಯೆ ಪೊಲೀಸರ ಸಂಖ್ಯೆಯ ಶೇ. 0.65ಕ್ಕೆ ಅನುಗುಣವಾಗಿರಬೇಕು. 1966ರಲ್ಲಿ ಭಯಕ್ಕೆ ಬಿದ್ದ ಮತ ಐವತ್ತಮೂರು ವರ್ಷಗಳ ನಂತರ ಉತ್ತರದಾಯಿತ್ವಕ್ಕೆ ಬಿತ್ತು.

ತಾಯ್ನಾಡಿನಲ್ಲಿಯೂ ಇದೇ ಪ್ರಶ್ನೆಯಿದೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಭಾರತದ ಸುಪ್ರೀಂ ಕೋರ್ಟ್, ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಬೇಕೆಂದಿತು. ಅವುಗಳ ಶಿಫಾರಸುಗಳನ್ನು ಪಾಲಿಸುವುದು ಕಡ್ಡಾಯವೆಂದೂ ಹೇಳಿತು. ನ್ಯೂಯಾರ್ಕಿಗೆ ಇನ್ನೂ ದಕ್ಕದ ಅಧಿಕಾರವದು. ಆದರೆ ಹಲವು ರಾಜ್ಯಗಳ ಕಾನೂನುಗಳಲ್ಲಿ ಆ ಕಡ್ಡಾಯ ಬರಿಯ ಸಲಹೆಯಾಗಿ ಇಳಿದುಹೋಯಿತು.

ಹೀಗಾಗಿ ಯಾವುದೇ ನಗರದಲ್ಲಿ ನಾಗರಿಕ ಮಂಡಳಿ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಅದರ ತನಿಖಾಧಿಕಾರಿಗಳೆಷ್ಟು, ದಾಖಲೆಗಳು ಅದರ ಕೈಗೆ ಎಷ್ಟು ದಿನಕ್ಕೆ ಬರುತ್ತವೆ, ಶಿಫಾರಸನ್ನು ತಳ್ಳಿದವರು ಕಾರಣ ಕೊಡಬೇಕೇ ಎಂದೂ ಕೇಳಬೇಕು. ವಲಸಿಗರು ಈ ಪ್ರಶ್ನೆಗಳಿಂದ ಹೊರಗಿಲ್ಲ. ನ್ಯೂಯಾರ್ಕಿನ ಮಂಡಳಿಗೆ ದೂರು ಕೊಡಲು ಅಮೆರಿಕದ ಪೌರತ್ವ ಬೇಕಿಲ್ಲ, ವೀಸಾ ಯಾವುದೆಂದು ಅದು ಕೇಳುವುದೂ ಇಲ್ಲ. ಇಷ್ಟನ್ನು ಕನ್ನಡದ ಮನೆಮನೆಗೂ ತಿಳಿಸುವುದು ಇಂದಿನಿಂದಲೇ ಆಗಬಹುದಾದ ಕೆಲಸ.