ದನಗಳ ಚರ್ಮಗಂಟು ರೋಗ
(ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೊಲ್ಲಾಪುರ-ಅಕ್ಕಲಕೋಟೆಯ ಸೀಮೆಯು ಖಿಲ್ಲಾರಿ ಎತ್ತುಗಳಿಗೆ ಹೆಸರಾದುದು. ಜೋಡಿಯಲ್ಲಿ ಒಂದು ಎತ್ತು ನೆಲ ಹಿಡಿದರೆ ಉಳಿದುದು ಒಂಟಿಯಾಗಿ ನೇಗಿಲು ಎಳೆಯಲಾರದು. ಆದುದರಿಂದ ಜನರು ‘ಲಂಪಿ’ ಎಂದು ಕರೆಯುವ ಚರ್ಮಗಂಟು ರೋಗವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಈ ಬೇನೆಯು 1929ರಲ್ಲಿ ಆಫ್ರಿಕಾ ಖಂಡದ, ಇಂದು ಜಾಂಬಿಯಾ ಎನಿಸಿರುವ ನಾಡಿನಲ್ಲಿ ಮೊದಲು ಕಂಡುಬಂದಿತು. ವಿಷದ ಗಿಡ ಮೇದುದರಿಂದಲೋ ಹುಳು ಕಡಿದುದರಿಂದಲೋ ಮೈಯೆಲ್ಲ ಗಂಟೆದ್ದಿದೆಯೆಂದು ಆಗಿನವರು ತಿಳಿದರು. ಹುಳುವಿನ ಮಾತು ಅರ್ಧ ನಿಜ. ರೋಗಕ್ಕೆ ಕಾರಣವಾದುದು ಕುರಿ-ಆಡುಗಳ ಸಿಡುಬಿನ ಜಾತಿಗೆ ಸೇರಿದ ಒಂದು ವೈರಾಣು. ಅದನ್ನು ಹೊತ್ತು ತಿರುಗುವವು ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡ ಇದು 2022ರಲ್ಲಿ ಗುಜರಾತ, ರಾಜಸ್ಥಾನಗಳನ್ನು ತಲ್ಲಣಗೊಳಿಸಿ ಮಹಾರಾಷ್ಟ್ರ, ಕರ್ನಾಟಕಗಳೆರಡರಲ್ಲಿಯೂ ಹಬ್ಬಿತು. ನೊಣಕ್ಕೆ ರಾಜ್ಯದ ಗಡಿಯೆಲ್ಲಿಯದು! ಆದರೂ ನೂರಾರು ಹರದಾರಿ ದೂರಕ್ಕೆ ರೋಗವನ್ನು ಒಯ್ಯುವುದು ನೊಣವಲ್ಲ, ದನಗಳ ಸಾಗಾಣಿಕೆ. ಅದಕ್ಕಾಗಿಯೇ ಆ ವರ್ಷದ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವು ದನಗಳ ಸಂತೆಗಳನ್ನು ತಡೆಯಿತು.

ನೊಣವು ದನದ ಮೈಮೇಲೆ ನೆಮ್ಮದಿಯಿಂದ ಕುಳಿತು ರಕ್ತ ಕುಡಿಯಲಾರದು. ದನ ಬಾಲ ಬೀಸಿದೊಡನೆ ಎದ್ದು, ರಕ್ತ ಮೆತ್ತಿದ ಮೂತಿಯಿಂದಲೇ ಪಕ್ಕದ ದನವನ್ನು ಚುಚ್ಚುತ್ತದೆ. ಒಂದೇ ಗೋದಲಿಯಲ್ಲಿ ಕಟ್ಟಿದ ದನಗಳು ಒಂದರ ಹಿಂದೊಂದು ಮಲಗುವ ಗುಟ್ಟು ಇದು. ಗಂಟುಗಳ ಒಣಗಿದ ಹಕ್ಕಳೆಯಲ್ಲಿಯೂ ವೈರಾಣುವು ತಿಂಗಳು ಕಾಲ ಬದುಕಿರಬಲ್ಲದು.

ಮೊದಲು ಜ್ವರ, ಕಣ್ಣು-ಮೂಗಿನಲ್ಲಿ ನೀರು, ಮೇವು ಬಿಡುವುದು. ಬಳಿಕ ಗಂಟುಗಳೇಳುತ್ತವೆ, ಕಾಲು ಬಾಯುತ್ತದೆ, ಹಾಲು ಇಳಿಯುತ್ತದೆ, ಗಬ್ಬದ ಆಕಳು ಕಂದು ಹಾಕುವುದೂ ಉಂಟು. ಬಹುಪಾಲು ದನಗಳು ಉಳಿದುಕೊಳ್ಳುತ್ತವೆ. ಸಾಯುವವು ಸಾಮಾನ್ಯವಾಗಿ ನೂರಕ್ಕೆ 1ರಿಂದ 5. ಆದರೆ ಎರಡೇ ಎತ್ತಿನ ಮನೆಗೆ ನೂರರ ಲೆಕ್ಕದಿಂದ ಏನು ಸಮಾಧಾನ?

ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ. ಜ್ವರಕ್ಕೆ, ಹುಣ್ಣಿಗೆ ಉಪಚಾರವುಂಟು. ಆದುದರಿಂದ ಲಸಿಕೆಯನ್ನು ದನ ನೆಟ್ಟಗಿರುವಾಗಲೇ ಹಾಕಿಸತಕ್ಕದ್ದು. ಅದರ ಬಲ ಮೈಗೂಡಲು ಸುಮಾರು ಮೂರು ವಾರ ಬೇಕು. ನಮ್ಮ ದೇಶದಲ್ಲಿ ಆಡಿನ ಸಿಡುಬಿನ ಲಸಿಕೆಯನ್ನೇ ಇದಕ್ಕೆ ಬಳಸಿದರೆಂಬುದು ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ತೋರೀತು. ಜ್ವರ ಬಂದ ದನವನ್ನು ಅಂದೇ ಬೇರೆ ಕಟ್ಟಿರಿ, ಅದರ ನೀರಿನ ತೊಟ್ಟಿಯನ್ನೂ ಬೇರೆ ಮಾಡಿರಿ. ಗಂಜಲದಲ್ಲಿ ನೆಂದು ಕೊಳೆತ ಹುಲ್ಲು ನೊಣದ ತೊಟ್ಟಿಲು. ಅದನ್ನು ದಿನವೂ ಬಳಿದು ತೆಗೆಯಿರಿ. ಬೇನೆ ಬಿದ್ದ ದನವನ್ನು ಸುದ್ದಿ ಹಬ್ಬುವ ಮುನ್ನ ಸಂತೆಯಲ್ಲಿ ದಾಟಿಸುವುದು ಇನ್ನೊಬ್ಬ ಬಡವನ ಕೊಟ್ಟಿಗೆಗೆ ಬೆಂಕಿ ಇಟ್ಟಂತೆ.

ಕೆಲವರು ಇದನ್ನು ದೇವಿಯ ಸಿಟ್ಟೆನ್ನುತ್ತಾರೆ. ಹರಕೆ ಹೊರುವವರು ಹೊರಲಿ, ನಾವು ಬೇಡವೆನ್ನುವುದಿಲ್ಲ. ದನಗಳ ದವಾಖಾನೆಗೆ ತಿಳಿಸಲು ಮಾತ್ರ ತಡಮಾಡಬಾರದು. ಈ ರೋಗ ಮನುಷ್ಯರಿಗೆ ತಗಲುವುದಿಲ್ಲ; ಹಾಲನ್ನು ಎಂದಿನಂತೆ ಕಾಯಿಸಿ ಕುಡಿಯಬಹುದು.

ಮಕ್ಕಳೇ, ದವಾಖಾನೆಯ ಪ್ರಕಟಣೆಗಳು ಮರಾಠಿಯಲ್ಲಿರುತ್ತವೆ. ಎರಡೂ ಭಾಷೆ ಬಲ್ಲವರು ನೀವು. ಲಸಿಕೆಯ ದಿನವನ್ನು ಓದಿಕೊಂಡು ಬಂದು ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿರಿ. ನೆರೆಮನೆಯ ಅಜ್ಜನಿಗೂ ಹೇಳಿರಿ.