ನೀರು ಕೇಳಿದವರು



ನಮ್ಮ ಸೀಮೆಯನ್ನಾಳಿದ ಹೇಮಾವತಿಯ ನೊಳಂಬರು, ರತ್ನಗಿರಿ ಕೋಟೆಯ ಪಾಳೇಗಾರರು ನಮಗೆ ಹೊಸಬರಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಶಾಸನದಲ್ಲೂ ವೀರಗಲ್ಲಿನಲ್ಲೂ ಸಿಗದ ಒಬ್ಬರ ವಿಷಯ. ನಮ್ಮ ತಾತನ ತಮ್ಮ. ನಮಗೆ ಚಿಕ್ಕತಾತ, ಊರಿಗೆ ಮಿಲ್ಟ್ರಿ ಕಾಂಪೌಂಡರು. ಎರಡನೇ ಮಹಾಯುದ್ಧದಲ್ಲಿ ಇಂಫಾಲದ ಕಡೆ ಗಾಯಾಳುಗಳ ಆರೈಕೆಯಲ್ಲಿದ್ದವರು.

ಆಗ ನಮ್ಮ ಗುಡಿಬಂಡೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಾಗದ ಬರೆಯುವಾಗ ‘ಮಡಕಶಿರಾ ತಾಲ್ಲೂಕು’ ಎಂಬುದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರಂತೆ. ಇಲ್ಲದಿದ್ದರೆ ಕಾಗದ ಅಲ್ಲಿಗೆ ಹೋಗಿಬಿಟ್ಟೀತು, ಮೈಸೂರು ಸೀಮೆಯಲ್ಲೂ ಒಂದು ಗುಡಿಬಂಡೆ ಇದೆಯಲ್ಲ! ಮಳೆ ಕೈಕೊಟ್ಟ ವರ್ಷ ಚಿಕ್ಕತಾತ ಹಿಂದೂಪುರಕ್ಕೆ ನಡೆದು ಹೋಗಿ, ರೈಲು ಹತ್ತಿ, ದಂಡು ಸೇರಿದರು. ಅದಕ್ಕೆ ನಾನು ದೇಶಭಕ್ತಿಯ ಬಣ್ಣ ಹಚ್ಚುವುದಿಲ್ಲ. ಹೊಟ್ಟೆಪಾಡು. ಹಾಗೆ ಹೋದವರೂ ಸೇರಿ ಭಾರತೀಯ ಸೇನೆ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷಕ್ಕೆ ಬೆಳೆದಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತಿದ್ದವರು ದಂಡಿನಲ್ಲಿ ಬರೀ ‘ಮದ್ರಾಸಿ’ ಆದರು. 1943ರ ಏಪ್ರಿಲ್ 3ರಂದು ಸೇನೆಯ ಮೂರು ವೈದ್ಯಕೀಯ ಇಲಾಖೆಗಳನ್ನು ಒಂದುಮಾಡಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಕಟ್ಟಿದಾಗ ಇವರೂ ಅದರೊಳಕ್ಕೆ ಬಂದರು. ಡಾಕ್ಟರಲ್ಲ, ಸೂಜಿ ಕುದಿಸುವ, ಗಾಯ ತೊಳೆಯುವ, ಪಟ್ಟಿ ಕಟ್ಟುವ ನರ್ಸಿಂಗ್ ಆರ್ಡರ್ಲಿ.

ಯುದ್ಧವೆಂದರೆ ಗುಂಡು ಎಂದುಕೊಂಡಿದ್ದೆವು ನಾವು ಹುಡುಗರು. ಚಿಕ್ಕತಾತ ಬಾಯಿ ಬಿಟ್ಟರೆ ಬರುತ್ತಿದ್ದದ್ದು ಸೊಳ್ಳೆ, ಜಿಗಣೆ, ರಕ್ತಭೇದಿ. ಮುದುಕರ ಉತ್ಪ್ರೇಕ್ಷೆ ಇರಬೇಕೆಂದು ನಾನೂ ನಗುತ್ತಿದ್ದೆ. ಆಮೇಲೆ, ಇಂಫಾಲದ ಕಡೆ ಇದ್ದ ಹದಿನಾಲ್ಕನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ಬರೆದ ನೆನಪುಗಳಲ್ಲಿ ಲೆಕ್ಕ ನೋಡಿದೆ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಬರುತ್ತಿದ್ದ ಒಬ್ಬನಿಗೆ ಕಾಯಿಲೆ ಬಿದ್ದು ಬರುತ್ತಿದ್ದವರು 120 ಮಂದಿ. ಮಲೇರಿಯಾ ಒಂದೇ ವರ್ಷಕ್ಕೆ ಸೇನೆಯ ನೂರಕ್ಕೆ 84ರಷ್ಟು.

ಮದ್ದು ಇತ್ತು. ಮೆಪಾಕ್ರಿನ್ ಎಂಬ ಹಳದಿ ಮಾತ್ರೆ, ಬಾಯಿಗಿಟ್ಟರೆ ಕಹಿ. ದಿನಾ ನುಂಗಿದರೆ ಮೈಬಣ್ಣವೂ ಅರಿಶಿನ ಹಚ್ಚಿದ ಮದುಮಗನದಾಗುತ್ತಿತ್ತು. ಅದು ಗಂಡಸುತನ ಕಳೆಯುತ್ತದೆಂಬ ಪುಕಾರು ಹಬ್ಬಿ, ಎಷ್ಟೋ ಸಿಪಾಯಿಗಳು ನಾಲಿಗೆಯಡಿ ಇಟ್ಟುಕೊಂಡು ಆಮೇಲೆ ಉಗಿದುಬಿಡುತ್ತಿದ್ದರು. ಅದಕ್ಕೇ ಸಾಲಾಗಿ ನಿಲ್ಲಿಸಿ ನುಂಗಿಸುವುದು, ಬಾಯಿ ತೆರೆಸಿ ನೋಡುವುದು. ಸ್ಲಿಮ್ ಹೇಳದೆ ಕೇಳದೆ ರಕ್ತಪರೀಕ್ಷೆ ಮಾಡಿಸಿ, ನೂರಕ್ಕೆ 95 ಮಂದಿಯಾದರೂ ಮಾತ್ರೆ ತಿಂದಿರದ ಪಡೆಯ ಅಧಿಕಾರಿಯನ್ನು ತೆಗೆದುಹಾಕುತ್ತಿದ್ದ. ಮೂವರನ್ನು ತೆಗೆದ ಮೇಲೆ ಉಳಿದವರಿಗೆ ಅರ್ಥವಾಯಿತು. ಚಿಕ್ಕತಾತನಿಗೆ ಆ ಅಭ್ಯಾಸ ಹೋಗಲೇ ಇಲ್ಲ. ಜ್ವರ ಬಂದ ಮೊಮ್ಮಕ್ಕಳಿಗೆ ಮಾತ್ರೆ ಕೊಟ್ಟು ಗಲ್ಲ ಹಿಡಿದು, “ಬಾಯಿ ತೆಗಿ. ನಾಲಿಗೆ ಎತ್ತು” ಅನ್ನೋರು. ಅಂದಹಾಗೆ, ಆ ಪುಕಾರು ಸುಳ್ಳೆಂಬುದಕ್ಕೆ ಅವರ ಆರು ಮಕ್ಕಳೇ ಸಾಕ್ಷಿ.

ಗಾಯಾಳುವಿನ ದಾರಿ ಉದ್ದ. ಮುಂಚೂಣಿಯ ಹಿಂದೆಯೇ ಇರುವ ಪಟ್ಟಿ ಕಟ್ಟುವ ಜಾಗ, ಅಲ್ಲಿಂದ ಡ್ರೆಸ್ಸಿಂಗ್ ಸ್ಟೇಷನ್, ಅಲ್ಲಿಂದ ಶಸ್ತ್ರಚಿಕಿತ್ಸೆಯ ಡೇರೆ, ಕೊನೆಗೆ ದೊಡ್ಡಾಸ್ಪತ್ರೆ. ನೋವಿಗೆ ಮಾರ್ಫಿನ್ ಚುಚ್ಚಿದರೆ ಹಣೆಯ ಮೇಲೆ ಇಂಗ್ಲಿಷಿನ ‘ಎಮ್’ ಅಕ್ಷರ ಬರೆಯಬೇಕು. ಬರೆಯದೆ ಬಿಟ್ಟರೆ ಮುಂದಿನವನು ಮತ್ತೆ ಚುಚ್ಚಿ ಜೀವಕ್ಕೇ ಕುತ್ತು. ಚಿಕ್ಕತಾತ ಕಲಿತ ಮೊದಲ ಇಂಗ್ಲಿಷ್ ಅಕ್ಷರ ಅದೇ, ಬೆರಳು ಬರೆದದ್ದು ಹಣೆಯ ಮೇಲೆ. ಕೆಂಪು ಶಿಲುಬೆ ಕಂಡರೆ ವೈರಿ ಬಿಡುತ್ತಾನೆಂಬ ಧೈರ್ಯವೂ ಇರಲಿಲ್ಲ. 1944ರ ಫೆಬ್ರವರಿ 7ರ ರಾತ್ರಿ ಅರಾಕಾನಿನ ಸಿಂಜ್ವೇಯಾದಲ್ಲಿ ಜಪಾನಿಗಳು ಡ್ರೆಸ್ಸಿಂಗ್ ಸ್ಟೇಷನ್ನಿಗೇ ನುಗ್ಗಿ, ವೈದ್ಯರು, ಮಲಗಿದ್ದ ಗಾಯಾಳುಗಳು ಸೇರಿ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಚಿಕ್ಕತಾತ ಅಲ್ಲಿರಲಿಲ್ಲ. ಸುದ್ದಿ ಬಂದ ಮೇಲೆ ದೀಪ ಹಚ್ಚಲು ಕೈ ಏಳುತ್ತಿರಲಿಲ್ಲವಂತೆ.

ಅವರಿಗೆ ಏಳೆಂಟು ಭಾಷೆಯಲ್ಲಿ ನೀರು ಅನ್ನುವ ಪದ ಗೊತ್ತಿತ್ತು. ಪಾನಿ, ಪಾಣಿ, ಜಲ್, ತಣ್ಣಿ, ವೆಳ್ಳಂ, ನೀಳ್ಳು, ಪಠಾಣರ ಓಬ. ರಕ್ತ ಹರಿದವನಿಗೆ ಬಾಯಾರಿಕೆ ಹೆಚ್ಚು. ಕಣ್ಣು ಬಿಟ್ಟೊಡನೆ ಕೇಳುವುದು ಅದನ್ನೇ. ಆದರೆ ಹೊಟ್ಟೆಗೆ ಗುಂಡು ಬಿದ್ದವನಿಗೆ ಒಂದು ಗುಟುಕೂ ಕೊಡಕೂಡದು. ಕರುಳು ತೂತಾಗಿದ್ದರೆ ಕುಡಿದದ್ದು ಹೊಟ್ಟೆಯೊಳಗೇ ಸೋರಿ ನಂಜಾಗುತ್ತದೆ. ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಬೇಕು, ಅಷ್ಟೆ.

ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ “ನೀರು” ಎಂದು ಕನ್ನಡದಲ್ಲಿ ಕೇಳಿದ್ದನಂತೆ. “ಯಾವೂರಪ್ಪ?” ಅಂದರೆ ಅದಕ್ಕೂ “ನೀರು” ಅಂದ. ಗಾಯ ಹೊಟ್ಟೆಗೆ. ಕಥೆ ಇಷ್ಟಕ್ಕೆ ಬಂದು ನಿಲ್ಲುತ್ತಿತ್ತು. “ಕೊಟ್ರಾ ತಾತ?” ಎಂದು ನಾವು ಕೇಳಿದಾಗೆಲ್ಲ ಚಿಕ್ಕತಾತ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, “ದನಕ್ಕೆ ಇನ್ನೂ ನೀರು ತೋರಿಸಿಲ್ಲ” ಎಂದು ಎದ್ದು ಹೋಗೋರು.